ಮುರುಗಲು ಮರದ ಅಪ್ಪ ಯಾರು? ಶಿರಸಿ ಸೀಮೇಲಿ ಐದು ದಿನ

ಮೊದ್ಲೇ ಹೇಳ್ಬಿಡ್ತೀನಿ, ಈ ಟ್ರಿಪ್ಪಿಗೆ ನಾನು ಹೋಗಿದ್ದು ಡ್ರೈವರ್ ಆಗಿ. ಚಿಕ್ಕಮ್ಮನ ಮಗಳು ಪಿಎಚ್‌ಡಿ ಮಾಡ್ತಿದಾಳೆ, ವಿಷಯ ಮುರುಗಲು. ಮಂಗಳೂರು ಕಡೆಯೋರು ಪುನರ್ಪುಳಿ ಅಂತಾರಲ್ಲ, ಮಹಾರಾಷ್ಟ್ರದೋರು ಕೋಕಂ ಅಂತಾರಲ್ಲ, ಅದೇ, ಗಾರ್ಸಿನಿಯಾ ಇಂಡಿಕಾ. ಬೇರೆ ಬೇರೆ ಮರದಿಂದ ಎಲೆ, ಹಣ್ಣು, ಸಿಪ್ಪೆ ತಂದು ಒಂದೇ ಜಾತಿಯೊಳಗೆ ಎಷ್ಟು ವ್ಯತ್ಯಾಸ ಇದೆ ಅಂತ ನೋಡೋದು ಅವಳ ಕೆಲಸ, ಹಣ್ಣಿನ ಆಕಾರ ತೂಕ ಒಂದು ಕಡೆ, ಸಿಪ್ಪೆಯೊಳಗಿನ ಕೆಮಿಕಲ್ ಒಂದು ಕಡೆ, ಎಲೆಯ ಡಿಎನ್‌ಎ ಇನ್ನೊಂದು ಕಡೆ. ಹಣ್ಣಾಗೋದು ಏಪ್ರಿಲ್-ಮೇನಲ್ಲಿ, ಮಳೆ ಬಿತ್ತು ಅಂದ್ರೆ ಹಣ್ಣೆಲ್ಲ ನೆಲದ ಮೇಲೆ ಕೊಳೆತು ಹೋಗುತ್ತೆ, ಆಮೇಲೆ ಮುಂದಿನ ವರ್ಷಾನೇ. "ಅಣ್ಣಾ, ಐದು ದಿನ ರಜ ಹಾಕು, ಡೀಸೆಲ್ ನಂದು" ಅಂದ್ಲು. ಡೀಸೆಲ್ ದುಡ್ಡು ಇನ್ನೂ ಬಂದಿಲ್ಲ, ಅದು ಬೇರೆ ವಿಷಯ.

ದಿನ 1

ಬೆಂಗಳೂರಿಂದ ಬೆಳಗಿನ ಜಾವ ನಾಲ್ಕಕ್ಕೆ ಹೊರಟ್ವಿ. ಹಾವೇರಿ ದಾಟಿ ಶಿರಸಿ ರೋಡಿಗೆ ತಿರುಗಿದ ಮೇಲೆ ಕಿಟಕಿ ಇಳಿಸಿದ್ರೆ ಗಾಳಿಯೇ ಬೇರೆ. ಊಟದ ಹೊತ್ತಿಗೆ ಸೋದರಮಾವನ ಮನೆ. ಅತ್ತೆ ಜಗಲಿಗೆ ಬಂದು "ಬನ್ನಿ ಬನ್ನಿ, ಆಸ್ರಿಗೆ ಎಂತ ಬೇಕು?" ಅಂದವರೇ ಕೇಳಿದ್ದಕ್ಕೆ ಉತ್ತರಾನೂ ಕಾಯದೆ ಎರಡು ಲೋಟ ಮುರುಗಲು ಪಾನಕ ತಂದಿಟ್ರು. ಕೆಂಪು ಅಂದ್ರೆ ಎಂಥ ಕೆಂಪು, ಲೋಟ ಎತ್ತಿ ಬೆಳಕಿಗೆ ಹಿಡಿದ್ರೆ ಮಾಣಿಕ್ಯ.

ತಂಗಿ ಒಂದು ಗುಟುಕು ಕುಡಿದು "ಯಾವ ಮರದ್ದು ಅತ್ತೆ?" ಅಂತ ಕೇಳಿದ್ಲು. ನಾನು ನಕ್ಕೆ, ಪಾನಕ ಕುಡಿದು ಮರ ಕೇಳ್ತಾರಾ ಅಂತ. ಅತ್ತೆ ನಗ್ಲಿಲ್ಲ. "ಸಂಕದ ಮರದ್ದು. ಬಾವಿಕಟ್ಟೆ ಮರದ್ದು ಹಾಕಿದ್ರೆ ಸಕ್ರೆ ಸಾಕಾಗ್ತಿಲ್ಲೆ" ಅಂದ್ರು.

ಅಷ್ಟೇ, ತಂಗಿ ಪುಸ್ತಕ ತೆಗೆದ್ಲು. ರಾತ್ರಿ ಊಟದ ತನಕ ಕೂತು ಮಾವನ ಹತ್ರ ಮರಗಳ ಪಟ್ಟಿ ಮಾಡಿದ್ದೇ ಮಾಡಿದ್ದು. ಸಂಕದ ಮರ (ಹಳ್ಳಕ್ಕೆ ಹಾಕಿರೋ ಸಂಕ, ಅಂದ್ರೆ ಕಾಲುಸೇತುವೆ, ಅದರ ಪಕ್ಕ ಇರೋದು), ಬಾವಿಕಟ್ಟೆ ಮರ, ಚೂಪಿನ ಮರ (ಹಣ್ಣಿನ ತುದಿ ಮೊನಚು), ಕೊಟ್ಟಿಗೆ ಹಿಂದಿನ ಗುಂಡು ಮರ, ಬಿಳೇ ಮರ. ಬಿಳೇ ಮರ ನಮ್ಮನೇಲಿಲ್ಲ, ಮೇಲಿನ ಕೇರಿ ಅಜ್ಜನ ಬೆಟ್ಟದಲ್ಲಿದೆ. ಒಟ್ಟು ಹನ್ನೆರಡು ಮರ, ಎಲ್ಲದಕ್ಕೂ ಹೆಸರಿದೆ, ಎಲ್ಲದರ ಹುಳಿ ಸಿಪ್ಪೆ ಬೀಜದ ಲೆಕ್ಕ ಮಾವನ ಬಾಯಲ್ಲಿದೆ. ನಾನು ಇಪ್ಪತ್ತು ವರ್ಷದಿಂದ ರಜಕ್ಕೆ ಹೋಗ್ತಿರೋ ಮನೆ ಅದು, ನಂಗೆ ಅವೆಲ್ಲಾ ಬರೀ ಮುರುಗಲು ಮರ.

ದಿನ 2

ಬೆಳಗ್ಗೆ ದೋಸೆ ತಿಂದು ಸೊಪ್ಪಿನ ಬೆಟ್ಟಕ್ಕೆ ಹೊರಟ್ವಿ. ಗೊತ್ತಿಲ್ದೋರಿಗೆ: ಅಡಿಕೆ ತೋಟಕ್ಕೆ ಸೊಪ್ಪು, ದರಕು (ಒಣಗಿ ಬಿದ್ದ ಎಲೆ) ತರೋಕೆ ಅಂತ ಬಿಟ್ಟಿರೋ ಕಾಡಿಗೆ ಇಲ್ಲಿ ಬೆಟ್ಟ ಅಂತಾರೆ, ಗುಡ್ಡ ಇರ್ಲೇಬೇಕು ಅಂತೇನಿಲ್ಲ. ನನ್ನ ಕೈಗೆ ದೋಟಿ, ಹೆಗಲಿಗೆ ಚೀಲ. ತಂಗಿ ಕೈಯಲ್ಲಿ ವರ್ನಿಯರ್ ಕ್ಯಾಲಿಪರ್, ಚಿಕ್ಕ ತಕ್ಕಡಿ, ಜಿಪಿಎಸ್, ಜಿಪ್ ಕವರ್ರು, ಎಲೆ ಒಣಗಿಸೋ ನೀಲಿ ಸಿಲಿಕಾ ಜೆಲ್ ಡಬ್ಬ.

ನಿಯಮ ಏನಪ್ಪಾ ಅಂದ್ರೆ, ಒಂದು ಮರದಿಂದ ನಾಲ್ಕೂ ದಿಕ್ಕಿನ ಹಣ್ಣು ಕೀಳ್ಬೇಕು. ನಾನು ಸೋಮಾರಿ, ಕೈಗೆ ಸಿಗೋ ಕಡೇನೇ ಕಿತ್ತು ಕೊಟ್ಟೆ, ಬೈಸ್ಕೊಂಡೆ. ಬಿಸಿಲು ಬೀಳೋ ಕಡೆ ಹಣ್ಣಿಗೂ ನೆರಳಿನ ಕಡೆ ಹಣ್ಣಿಗೂ ಬಣ್ಣ ಒಂದೇ ಇರಲ್ಲ, ಅದೇ ಮರ ಅದೇ ಕೊಂಬೆಯಾದ್ರೂ. ಹಣ್ಣಿನ ಹದಾನೂ ಒಂದೇ ಇರ್ಬೇಕು, ಯಾಕಂದ್ರೆ ಕೆಂಪು ಬಣ್ಣ ತುಂಬೋದು ಮಾಗ್ತಾ ಮಾಗ್ತಾ, ಅರೆಗಾಯಿ ಒಂದು ಮರದ್ದು ಪೂರ್ತಿ ಹಣ್ಣು ಇನ್ನೊಂದು ಮರದ್ದು ಹೋಲಿಸಿದ್ರೆ ಅಳೆದಿದ್ದು ಮರದ ವ್ಯತ್ಯಾಸ ಅಲ್ಲ, ನಿನ್ನ ಸೋಮಾರಿತನದ ವ್ಯತ್ಯಾಸ ಅಂದ್ಲು. ಸರಿ ಅಂತ ಮರ ಹತ್ತಿದೆ.

ಕೂತು ಅಳೀತಾ ಹೋದ ಹಾಗೆ ಕಣ್ಣು ಬಿಡ್ತು ನಂಗೆ. ಗುಂಡು ಮರದ್ದು ನಿಂಬೆಹಣ್ಣಿನಷ್ಟು, ಎರಡೂ ಕಡೆ ಸ್ವಲ್ಪ ಚಪ್ಪಟೆ, ಸಿಪ್ಪೆ ದಪ್ಪ, ಒಳಗೆ ಬೀಜ ಮೂರು ನಾಲ್ಕು. ಚೂಪಿನ ಮರದ್ದು ಉದ್ದಕ್ಕಿದ್ದು ತುದೀಲಿ ಮೊಲೆತೊಟ್ಟಿನ ಥರ, ಸಿಪ್ಪೆ ತೆಳ್ಳಗೆ, ಬೀಜವೇ ಜಾಸ್ತಿ. ಸಂಕದ ಮರದ್ದು ಕಡುಗೆಂಪು ಅಲ್ಲ, ಹೆಚ್ಚು ಕಮ್ಮಿ ಕಪ್ಪು, ಬೆರಳಿಗೆ ಹತ್ತಿದ ಬಣ್ಣ ಸಂಜೆ ತನಕ ಹೋಗ್ಲಿಲ್ಲ. ಎಲೇನೂ ಹಾಗೇ, ಒಂದರದ್ದು ಅಗಲ, ಒಂದರದ್ದು ಕಿರಿದು. ಪಾನಕ ಮಾಡೋರಿಗೆ ದಪ್ಪ ಸಿಪ್ಪೆ ಬೇಕು, ತುಪ್ಪ ಮಾಡೋರಿಗೆ ಬೀಜ ಬೇಕು, ಹಾಗಾಗಿ ಯಾವುದು ಒಳ್ಳೇ ಮರ ಅನ್ನೋದು ಯಾರನ್ನ ಕೇಳ್ತೀರಿ ಅನ್ನೋದರ ಮೇಲೆ. (ಮುರುಗಲು ತುಪ್ಪ ಅಂದ್ರೆ ಬೀಜ ಒಣಗಿಸಿ ಕುಟ್ಟಿ ನೀರಲ್ಲಿ ಕುದಿಸಿದಾಗ ಮೇಲೆ ತೇಲೋ ಜಿಡ್ಡು, ತಣಿದ ಮೇಲೆ ಗಟ್ಟಿ ಆಗುತ್ತೆ, ಒಡೆದ ಹಿಮ್ಮಡಿಗೆ ಅತ್ತೆ ಅದನ್ನ ಬಿಟ್ಟು ಬೇರೆ ಏನೂ ಮುಟ್ಟಲ್ಲ.)

ಒಳಗಿನ ಕಥೆ ಇನ್ನೂ ಇದೆ. ಹುಳಿ ಕೊಡೋದು ಮುಖ್ಯವಾಗಿ ಹೈಡ್ರಾಕ್ಸಿಸಿಟ್ರಿಕ್ ಆಸಿಡ್, ಎಚ್‌ಸಿಎ ಅಂತಾರೆ. ಕೆಂಪು ಕೊಡೋದು ಆಂಥೋಸಯನಿನ್. ಇನ್ನು ಗಾರ್ಸಿನಾಲ್ ಅಂತ ಹಳದಿ ವಸ್ತು, ಸಿಪ್ಪೆಯ ಶೇ. 2-3ರಷ್ಟು ಇರುತ್ತಂತೆ, ಲ್ಯಾಬಿನೋರು ತುಂಬಾ ಆಸೆಯಿಂದ ನೋಡೋದು ಅದನ್ನೇ. ಈ ಮೂರೂ ಒಟ್ಟಿಗೇ ಏರಿಳಿಯಬೇಕು ಅಂತೇನಿಲ್ಲ, ಕಡುಗೆಂಪು ಹಣ್ಣು ಅಂದ ತಕ್ಷಣ ಹುಳಿ ಜಾಸ್ತಿ ಅಂತಲ್ಲ. ಅತ್ತೆ ಹೇಳಿದ್ದೂ ಅದೇ ತಾನೇ, ಸಂಕದ ಮರದ್ದು ಬಣ್ಣ ಜಾಸ್ತಿ, ಬಾವಿಕಟ್ಟೆದು ಹುಳಿ ಜಾಸ್ತಿ. ಲ್ಯಾಬಲ್ಲಿ ಇದನ್ನೆಲ್ಲ ಅಳೆಯೋ ಎಚ್‌ಪಿಎಲ್‌ಸಿ ಮೆಷಿನ್ನು ಇಲ್ದೇನೇ.

ಮಧ್ಯಾಹ್ನ ಹೊಳೆ ಬದೀಲಿ ಒಂದು ದೊಡ್ಡ ಮರದ ಬುಡಕ್ಕೆ ಬಂದ್ವಿ. ಹಸಿರು ಒಳ್ಳೇ ಗೋಪುರದ ಥರ, ಕೊಂಬೆಗಳು ಇಳಿಬಿದ್ದು ಚೆಂದ ಇದೆ, ಒಂದು ಹಣ್ಣಿಲ್ಲ. ಮಾವ ತಾತ್ಸಾರದಿಂದ "ಅದು ಗಂಡು. ಹೂ ಗೊಂಚಲು ಗೊಂಚಲು ಬಿಡ್ತು, ಕಾಯಿ ಕಚ್ತಿಲ್ಲೆ. ಈ ವರ್ಷ ಸೌದೆಗೆ ಕಡಸವು" ಅಂದ್ರು. ಮುರುಗಲಲ್ಲಿ ಸಾಮಾನ್ಯವಾಗಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ, ಅಲ್ಲೊಂದು ಇಲ್ಲೊಂದು ಎರಡೂ ಇರೋ ಮರಾನೂ ಸಿಗುತ್ತೆ. ಬೀಜ ಹಾಕಿ ಗಿಡ ಮಾಡಿದ್ರೆ ಗಂಡೋ ಹೆಣ್ಣೋ ಗೊತ್ತಾಗೋಕೆ ಹೂ ಬಿಡೋ ತನಕ ಎಷ್ಟೋ ವರ್ಷ ಕಾಯ್ಬೇಕು, ಕಾದು ಕಾದು ಗಂಡು ಅಂತ ಗೊತ್ತಾದ್ರೆ ಯಾರಿಗಾದ್ರೂ ಸಿಟ್ಟು ಬರುತ್ತೆ. ಮಾವ ಹಿಂದೆ ಹಾಗೇ ಎರಡು ಕಡಿಸಿದಾರೆ.

ತಂಗಿ ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಂತಿದ್ದು ಆ ಮರದ ಕೆಳಗೆ. ಅವಳ ತಲೆಬಿಸಿ ಏನಂದ್ರೆ, ಹೆಣ್ಣು ಮರದ ಗುಣ ಹಣ್ಣು ನೋಡಿ ಹೇಳ್ಬಹುದು, ಗಂಡಿನದ್ದು ಹೇಗೆ ಹೇಳ್ತೀರಿ? ದಪ್ಪ ಸಿಪ್ಪೆಯ ಗುಣ, ಹುಳಿಯ ಗುಣ ಅದರೊಳಗೂ ಇರುತ್ತೆ, ಪರಾಗದಲ್ಲಿ ಮಕ್ಕಳಿಗೆ ಹೋಗುತ್ತೆ, ಆದ್ರೆ ಅದು ತನ್ನ ಮೈಮೇಲೆ ತೋರಿಸೋದೇ ಇಲ್ಲ. ಹಣ್ಣು ಕೊಡಲ್ಲ ಅಂತ ಊರವರೆಲ್ಲ ಕಡೀತಾ ಹೋದ್ರೆ ಉಳಿದ ಒಂದೋ ಎರಡೋ ಗಂಡು ಮರಗಳೇ ಇಡೀ ಕೇರಿಯ ಮುಂದಿನ ಪೀಳಿಗೆಗೆ ಅಪ್ಪ ಆಗ್ತಾವೆ. "ಹಂಗಾದ್ರೆ ನಮ್ಮ ಮರಕ್ಕೆ ಹಣ್ಣು ಕಮ್ಮಿ ಆಗಬೇಕಿತ್ತು, ಆಗಿಲ್ಲೆ" ಅಂದ್ರು ಮಾವ, ಗೆದ್ದೋರ ಥರ. ಅದಕ್ಕೂ ಅವಳ ಹತ್ರ ಉತ್ತರ ಇತ್ತು. ಗಾರ್ಸಿನಿಯಾ ವಂಶದಲ್ಲಿ ಕೆಲವಕ್ಕೆ ಗಂಡಿನ ಸಹಾಯ ಇಲ್ದೇನೂ ಬೀಜ ಕಟ್ಟೋ ಶಕ್ತಿ ಇದೆ, ಮ್ಯಾಂಗೋಸ್ಟೀನ್ ಪೂರಾ ಹಾಗೇ ನಡೆಯೋದು, ಮುರುಗಲಲ್ಲೂ ಒಂದಿಷ್ಟು ಹಾಗೆ ಆಗುತ್ತೆ ಅಂತ ಹೇಳಿದಾರೆ. ಅಂಥ ಬೀಜದಿಂದ ಹುಟ್ಟಿದ ಗಿಡ ಅಮ್ಮನ ಝೆರಾಕ್ಸ್. ಹಾಗಾಗಿ ಸಂಕದ ಮರದ ಕೆಳಗೆ ತಾನಾಗೇ ಹುಟ್ಟಿರೋ ಸಸಿಗಳಿಂದ್ಲೂ ಒಂದೊಂದು ಎಲೆ ಕಿತ್ತು ಸಿಲಿಕಾ ಜೆಲ್ಲಿಗೆ ಹಾಕಿದ್ಲು. ಅಪ್ಪ ಇದಾನೋ ಇಲ್ವೋ ಡಿಎನ್‌ಎ ಹೇಳುತ್ತೆ ಅಂತ. ಅತ್ತೆಗೆ ರಾತ್ರಿ ಇದನ್ನ ಹೇಳಿದ್ರೆ "ಎಂತೆಂತಾ ಓದಿಗೆ ದುಡ್ಡು ಕೊಡ್ತವಪ್ಪ" ಅಂದ್ರು.

ದಿನ 3

ಸಿದ್ದಾಪುರ ದಾಟಿ ಹೊನ್ನಾವರದ ಕಡೆ ಹೋಗೋ ದಾರೀಲಿ ಕತ್ತಲೆಕಾನು, ಕಾನು ಅಂದ್ರೆ ದಟ್ಟ ಕಾಡು. ಇವತ್ತಿನ ಗಿರಾಕಿ ಮುರುಗಲು ಅಲ್ಲ, ಅದರ ದೊಡ್ಡಪ್ಪನ ಮಗ ಉಪ್ಪಾಗೆ, ಗಾರ್ಸಿನಿಯಾ ಗಮ್ಮಿಗಟ್ಟಾ. ಅರಣ್ಯ ಇಲಾಖೆಯ ಅನುಮತಿ ಪತ್ರ ಇತ್ತು, ಜೊತೆಗೆ ಒಬ್ರು ವಾಚರ್ ಬಂದ್ರು. ಎಲೆ ಬಿಟ್ಟು ಬೇರೇನೂ ಮುಟ್ಟೋ ಹಾಗಿಲ್ಲ.

ಹೆಸರಿಗೆ ತಕ್ಕ ಹಾಗೆ ಒಳಗೆ ಕತ್ತಲು. ರಾಮಪತ್ರೆ ಜಡ್ಡಿಯಲ್ಲಿ (ರಾಮಪತ್ರೆ ಮರ ಬೆಳೆಯೋ ಜೌಗು ಕಾಡು) ಮಂಡಿ ಮಡಚಿದ ಥರ ಬೇರುಗಳು ಕೆಸರಿಂದ ಮೇಲೆದ್ದು ನಿಂತಿರ್ತಾವೆ, ನೋಡ್ತಾ ನಡೆದ್ರೆ ಬೀಳೋದು ಗ್ಯಾರಂಟಿ, ನಾನು ಬಿದ್ದೆ. ಉಪ್ಪಾಗೆ ಹಣ್ಣಾಗೋದು ಮಳೆಗಾಲದಲ್ಲಿ, ಈಗ ಬರೀ ಹಸಿರು ಕಾಯಿ, ಪುಟಾಣಿ ಕುಂಬಳಕಾಯಿ ಥರ ಗೆರೆ ಗೆರೆ. ಮಳೇಲಿ ಹಣ್ಣಾಗೋದೇ ಅದರ ಕಷ್ಟ, ಬಿಸಿಲಿಲ್ಲ, ಸಿಪ್ಪೆ ಒಣಗಿಸೋಕೆ ಅಟ್ಟ ಕಟ್ಟಿ ಕೆಳಗೆ ಬೆಂಕಿ ಹಾಕ್ಬೇಕು, ಅದಕ್ಕೆ ಮತ್ತೆ ಕಾಡಿನ ಸೌದೆ.

ಈ ಹಣ್ಣಿನ ಹುಳಿಗೆ ಒಂದು ಮೈಸೂರು ಕಥೆ ಇದೆ. ಇದರಲ್ಲಿರೋದು ಸಿಟ್ರಿಕ್ ಅಲ್ಲ, ಹೈಡ್ರಾಕ್ಸಿಸಿಟ್ರಿಕ್ ಆಸಿಡ್ ಅಂತ 1965ರಲ್ಲಿ ತೋರಿಸಿದ್ದು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ಲೂಯಿಸ್ ಮತ್ತೆ ನೀಲಕಂಠನ್. ಆಮೇಲೆ ಈ ಆಸಿಡ್ಡು ದೇಹದಲ್ಲಿ ಕೊಬ್ಬು ಕಟ್ಟೋ ಒಂದು ಕಿಣ್ವವನ್ನ ತಡೆಯುತ್ತೆ ಅಂತ ಗೊತ್ತಾಯ್ತು, ಅಲ್ಲಿಂದ ಅಮೆರಿಕದಲ್ಲಿ ತೂಕ ಇಳಿಸೋ ಮಾತ್ರೆ, ಉಪ್ಪಾಗೆಯ ಹಳೇ ಹೆಸರು 'ಗಾರ್ಸಿನಿಯಾ ಕಾಂಬೋಜಿಯಾ' ಅಂತ ಡಬ್ಬದ ಮೇಲೆ. 1998ರಲ್ಲಿ 135 ಜನರ ಮೇಲೆ 12 ವಾರ ಪರೀಕ್ಷೆ ಮಾಡಿ ಸುಮ್ಮನೆ ಸಕ್ಕರೆಗುಳಿಗೆ ತಗೊಂಡೋರಿಗಿಂತ ಏನೂ ಹೆಚ್ಚು ಇಳೀಲಿಲ್ಲ ಅಂತ ವರದಿ ಬಂತು, ಲಿವರ್‌ಗೆ ತೊಂದರೆ ಆದ ಕೇಸುಗಳೂ ಆಮೇಲೆ ಬಂದ್ವು. ಮಾತ್ರೆ ಮಾತ್ರ ಇನ್ನೂ ಮಾರಾಟ ಆಗ್ತಾನೇ ಇದೆ. ಅಲ್ಲಿ ಯಾರೋ ತೆಳ್ಳಗಾಗೋ ಆಸೆಗೆ ಇಲ್ಲಿ ಬೇಡಿಕೆ ಏರಿ, ಮಾಗೋ ಮುಂಚೆನೇ ಕಾಯಿ ಕೀಳೋದು, ಕೊಂಬೆಗೆ ಕೊಂಬೆನೇ ಕಡಿದು ಕೆಳಗೆ ಹಾಕೋದು ಶುರುವಾಯ್ತು. ಹಳೇ ಕಡಿತದ ಗಂಟುಗಳನ್ನ ವಾಚರ್ ಕೈಯಿಟ್ಟು ತೋರಿಸಿದ್ರು. "ನಾನು ಬಿಟ್ರೆ ಇನ್ನೊಬ್ಬ ಕಡ್ಕೊಂಡು ಹೋಗ್ತಾನೆ ಅಂತ ಎಲ್ರೂ ಕಡಿಯೋರು ಸಾರ್" ಅಂದ್ರು.

ಒಣ ಸಿಪ್ಪೆಯಲ್ಲಿ ಎಚ್‌ಸಿಎ ಶೇ. 10ರಿಂದ 30ರ ತನಕ ಅಂತ ಪುಸ್ತಕದಲ್ಲಿ ಇರುತ್ತೆ. ಹತ್ತಕ್ಕೂ ಮೂವತ್ತಕ್ಕೂ ಮೂರು ಪಟ್ಟು! ಆದ್ರೆ ವ್ಯಾಪಾರಿ ಮೂಟೆಯಲ್ಲಿ ಎಲ್ಲಾ ಒಂದೇ. ಯಾವ ಮರ, ಯಾವ ಕಾನು, ಕಾಯಿನಾ ಹಣ್ಣಾ, ಹೊಗೆಯಲ್ಲಿ ಒಣಗಿದ್ದಾ, ಏನೂ ಕೇಳಲ್ಲ, ಕಿಲೋ ಲೆಕ್ಕ. ನಂಗೆ ಅನ್ನಿಸಿದ್ದು, ಔಷಧಿ ಅಂತ ಮಾರೋ ವಸ್ತು ಅಡಿಕೆಗಿಂತ ಕಡೆಯಾಗಿ ವಿಂಗಡಣೆ ಆಗ್ತಿದೆ. ಅಡಿಕೇಲಿ ರಾಶಿ, ಬೆಟ್ಟೆ, ಚಾಲಿ ಅಂತ ಎಷ್ಟು ದರ್ಜೆ ಮಾಡ್ತೀವಿ ನಾವು.

ಸಂಜೆ ಮಾವಿನಗುಂಡಿಯಲ್ಲಿ ಚಾ. ಮತ್ತೇನಿಲ್ಲ.

ದಿನ 4

ಇಡೀ ಟ್ರಿಪ್ಪಲ್ಲಿ ಒಳ್ಳೇ ದಿನ ಅಂದ್ರೆ ಇದು, ಪ್ಲಾನಲ್ಲಿ ಇರ್ಲೇ ಇಲ್ಲ. ಹಿಂದಿನ ರಾತ್ರಿ ಮಾವ ಮಾತಿಗೆ ಮಾತು ಬಂದು, ಹನ್ನೆರಡು ವರ್ಷದ ಹಿಂದೆ ಚೂಪಿನ ಮರದಿಂದ ಕಸಿ ಕಟ್ಟಿಸಿದ ಗಿಡ ನಾಲ್ಕನ್ನ ಕುಮಟಾ ಹತ್ರದ ಭಾವನ ಮನೆಗೆ ಕೊಟ್ಟಿದ್ದೆ ಅಂದ್ರು. ತಂಗಿ ಊಟದ ಬಾಳೆ ಮುಂದಿಂದ ಎದ್ದು ನಿಂತ್ಲು.

ಯಾಕೆ ಅಷ್ಟು ಖುಷಿ ಅಂದ್ರೆ, ಎರಡು ಮರದ ಹಣ್ಣು ಬೇರೆ ಬೇರೆ ಇದ್ರೆ ಅದು ವಂಶದಿಂದ ಬಂದಿದ್ದಾ, ಮಣ್ಣು ನೀರು ಬಿಸಿಲಿಂದ ಬಂದಿದ್ದಾ ಅಂತ ಸುಮ್ಮನೆ ನೋಡಿ ಹೇಳೋಕಾಗಲ್ಲ. ಕಸಿ ಗಿಡ ಅಂದ್ರೆ ತಾಯಿಯ ಅದೇ ಡಿಎನ್‌ಎ. ಅದೇ ಮರ ಘಟ್ಟದ ಮೇಲೂ ಇದೆ, ಸಮುದ್ರದ ಹತ್ರಾನೂ ಇದೆ ಅಂದ್ರೆ ಯಾರೋ ಅವಳಿಗೋಸ್ಕರ ಪ್ರಯೋಗ ಮಾಡಿಟ್ಟು ಮರೆತು ಹೋದ ಹಾಗೆ.

ದೇವಿಮನೆ ಘಟ್ಟ ಇಳಿದ್ವಿ. ಇಳೀತಾ ಇಳೀತಾ ಸೆಖೆ ಹತ್ಕೊಳ್ತು, ಎಸಿ ಹಾಕಿದ್ರೆ ತಂಗಿ ಹಿಂದಿನ ಸೀಟಿನ ಐಸ್ ಬಾಕ್ಸ್ ನೋಡ್ಕೊಂಡು ಕೂತ್ಲು, ನನ್ನ ಸೆಖೆ ಅವಳಿಗೆ ಲೆಕ್ಕಕ್ಕಿಲ್ಲ. ಭಾವನ ಮನೆ ಹಿಂದೆ ಕೆಂಪು ಜಂಬಿಟ್ಟಿಗೆ ನೆಲ, ಮೇಲೆ ಒಂದು ಗೇಣು ಮಣ್ಣು ಇದ್ರೆ ಹೆಚ್ಚು. ನಾಲ್ಕರಲ್ಲಿ ಮೂರು ಬದುಕಿದ್ವು. ಅದರಲ್ಲಿ ಎರಡು ನೆಟ್ಟಗೆ ಮರ ಆಗಿದೆ, ಮೂರನೇದು ಮರಾನೇ ಅಲ್ಲ, ನೆಲದ ಮೇಲೆ ಅಡ್ಡಡ್ಡ ಹರಡ್ಕೊಂಡು ಬಳ್ಳಿ ಥರ ಬಿದ್ದಿದೆ. "ಇದಕ್ಕೆ ಎಂತಾ ರೋಗ ಅಂತ ಗೊತ್ತಿಲ್ಲ" ಅಂದ್ರು ಭಾವ. ರೋಗ ಅಲ್ಲ ಅದು. ಮುರುಗಲಲ್ಲಿ ನೆಟ್ಟಗೆ ಮೇಲೆ ಹೋಗೋ ಚಿಗುರಿಂದ ಕಸಿ ಕಡ್ಡಿ ತೆಗೆದ್ರೆ ಮರ ನೆಟ್ಟಗೆ ಬೆಳೆಯುತ್ತೆ, ಅಡ್ಡ ಕೊಂಬೆಯಿಂದ ತೆಗೆದ್ರೆ ಜೀವಮಾನ ಪೂರ್ತಿ ತಾನು ಅಡ್ಡ ಕೊಂಬೆ ಅಂದ್ಕೊಂಡೇ ಬೆಳೆಯುತ್ತೆ. ಡಿಎನ್‌ಎ ಒಂದೇ, ತಾಯಿ ಒಂದೇ, ರೂಪ ನೋಡಿದ್ರೆ ಬೇರೆ ಜಾತಿ ಅನ್ನಬೇಕು. ನರ್ಸರಿಯಲ್ಲಿ ಗಿಡ ತಗೊಳ್ಳೋರು ಇದನ್ನ ಕೇಳಿ ತಗೊಳ್ಳಿ.

ಹಣ್ಣು ಕಿತ್ತು ಮಾವನ ಮನೆಯಿಂದ ತಂದ ಚೂಪಿನ ಮರದ ಹಣ್ಣಿನ ಪಕ್ಕ ಜಗಲಿ ಮೇಲೆ ಸಾಲಾಗಿ ಇಟ್ವಿ. ಮೊನಚು ತುದಿ ಹಾಗೇ ಇದೆ, ಅಚ್ಚು ಹಾಕಿದಂಗೆ, ಯಾರಾದ್ರೂ ಕಣ್ಣು ಮುಚ್ಚಿ ಮುಟ್ಟಿ ಹೇಳ್ಬಹುದು. ಆದ್ರೆ ಗಾತ್ರ ಸಣ್ಣದು, ತಕ್ಕಡೀಲಿ ಇಟ್ರೆ ಘಟ್ಟದ ಮೇಲಿನದಕ್ಕಿಂತ ಹಗುರ, ಬಣ್ಣ ಮಾತ್ರ ಇನ್ನೂ ಗಾಢ. ಆಕಾರ ಅಮ್ಮನಿಂದ, ಮೈಕಟ್ಟು ಊರಿಂದ ಅಂತ ನಾನು ತೀರ್ಪು ಕೊಟ್ಟೆ. "ಮೂರು ಮರ ನೋಡಿ ಹಂಗೆಲ್ಲ ಹೇಳಂಗಿಲ್ಲ ಅಣ್ಣ" ಅಂತ ಅವಳು, ಆದ್ರೂ ಪುಸ್ತಕದಲ್ಲಿ ಬರ್ಕೊಂಡ್ಲು, ನಾನು ನೋಡಿದೆ.

ಭಾವನ ಮಗ, ಏಳನೇ ಕ್ಲಾಸು, ಕೈಗೆ ಹತ್ತಿದ ಕೆಂಪು ತೊಳೆಯೋಕೆ ಸೋಪ್ ಹಚ್ಚಿದ್ರೆ ಕೈಯೆಲ್ಲ ನೀಲಿ-ಹಸಿರು ಆಯ್ತು ಅಂತ ಕಿರುಚ್ಕೊಂಡು ಬಂದ. ಆಂಥೋಸಯನಿನ್ ಹಾಗೇ, ಹುಳಿ ಇರೋ ತನಕ ಕೆಂಪು, ಸೋಪಿನ ಕ್ಷಾರ ತಗುಲಿದ್ರೆ ಬಣ್ಣ ಬದಲಿಸುತ್ತೆ. ಆಮೇಲೆ ಅರ್ಧ ಗಂಟೆ ಆ ಹುಡುಗ ನಿಂಬೆಹಣ್ಣು ಹಿಂಡಿ ಕೆಂಪು ಮಾಡೋದು, ಸೋಪ್ ಹಾಕಿ ನೀಲಿ ಮಾಡೋದು. ಅವರಮ್ಮ ಒಂದು ಕೊಟ್ಟ ಮೇಲೆ ನಿಂತ್ತು.

ದಿನ 5

ರಾತ್ರಿಯೇ ಗುಡುಗು. ಬೆಳಗ್ಗೆ ಏಳೋ ಹೊತ್ತಿಗೆ ಅಂಗಳ ಒದ್ದೆ, ತಂಗಿ ಮುಖ ಅದಕ್ಕಿಂತ ಒದ್ದೆ. ಬಿಳೇ ಮರ ಒಂದು ಬಾಕಿ ಇತ್ತು.

ಮತ್ತೆ ಘಟ್ಟ ಹತ್ತಿ ಮೇಲಿನ ಕೇರಿ ಅಜ್ಜನ ಮನೆಗೆ ಹೋಗೋ ಹೊತ್ತಿಗೆ ಹತ್ತೂವರೆ. ಅಜ್ಜಂಗೆ ಎಂಬತ್ತರ ಮೇಲೆ, ಕೊಡೆ ಹಿಡ್ಕೊಂಡು ನಮಗಿಂತ ಮುಂದೆ ಬೆಟ್ಟ ಹತ್ತಿದ್ರು. ಮೊದಲ ಮಳೆಗೇ ಉಂಬಳ (ಜಿಗಣೆ) ಎದ್ದಿದ್ವು, ನಾನು ಮೂರು ಸಲ ನಿಂತು ಕಿತ್ತು ಹಾಕಿದೆ, ಅಜ್ಜ ತಿರುಗಿ ನೋಡ್ಲೂ ಇಲ್ಲ.

ಬಿಳೇ ಮುರುಗಲು ಅಂದ್ರೆ ಬಿಳಿ ಅಲ್ಲ, ಹಳದಿ. ಮಾಗಿದ್ರೂ ಕೆಂಪಾಗಲ್ಲ, ಕೆಂಪು ಬಣ್ಣ ಮಾಡೋ ಕಸುಬು ಆ ಮರಕ್ಕೆ ಬರಲ್ಲ ಅಷ್ಟೇ, ಹುಳಿಗೇನೂ ಕೊರತೆ ಇಲ್ಲ. ಅರ್ಧಕ್ಕರ್ಧ ಹಣ್ಣು ಕೆಳಗೆ ಬಿದ್ದು ದರಕಿನ ಮೇಲೆ ಹಳದಿ ಹಾಸಿತ್ತು. ಮರದ ಮೇಲಿದ್ದಿದ್ದರಲ್ಲಿ ಇಪ್ಪತ್ತು ಸಿಕ್ತು. "ನನ್ನ ಅಪ್ಪ ಪಿತ್ತಕ್ಕೆ ಇದೇ ಆಗವು ಹೇಳ್ತಿದ್ದ, ಕೆಂಪು ಕೊಟ್ರೆ ಬೈತಿದ್ದ" ಅಂದ್ರು ಅಜ್ಜ. ಕೆಂಪಿಗಿಂತ ಇದು ನಿಜವಾಗ್ಲೂ ಪಿತ್ತಕ್ಕೆ ಒಳ್ಳೇದಾ ಅಂತ ತಂಗಿನ ಕೇಳಿದೆ. ಸಿಪ್ಪೇಲಿ ಏನಿದೆ ಅಂತ ಹೇಳೋದು ಅವಳ ಕೆಲಸ, ಹೊಟ್ಟೇಲಿ ಏನಾಗುತ್ತೆ ಅನ್ನೋದು ಬೇರೆಯೋರ ಕೆಲಸ ಅಂದ್ಲು. ಈ ಮರದ ಬೀಜ ಹಾಕಿದ್ರೆ ಬಿಳೀದೇ ಬರುತ್ತಾ ಅಂತ ಅಜ್ಜನ್ನ ಕೇಳಿದ್ಲು. "ಒಂದೊಂದು ಬಿಳಿ, ಒಂದೊಂದು ಕೆಂಪು. ಒಂದೊಂದು ಗಂಡು" ಅಂತ ನಕ್ರು. ಅವಳಿಗೆ ಆ ಒಂದು ಸಾಲು ಸಾಕಾಗಿತ್ತು, ದಾರಿ ಪೂರ್ತಿ ಅದನ್ನೇ ಮಾತಾಡಿದ್ಲು, ಕೆಂಪು ಮಕ್ಕಳು ಹುಟ್ಟಿವೆ ಅಂದ್ರೆ ಅವು ಝೆರಾಕ್ಸ್ ಅಲ್ಲ, ಅಲ್ಲೆಲ್ಲೋ ಒಬ್ಬ ಅಪ್ಪ ಇದಾನೆ ಅಂತ. ಬೀಜಾನೂ ಒಂದಿಷ್ಟು ತಂದ್ವಿ, ಒದ್ದೆ ಮರಳಲ್ಲಿ ಹಾಕಿ. ಮುರುಗಲು ಬೀಜ ಒಣಗಿದ್ರೆ ಸತ್ತಂಗೆ, ಭತ್ತದ ಥರ ಡಬ್ಬೀಲಿ ಕಾಪಿಡೋಕಾಗಲ್ಲ. ಅಂದ್ರೆ ಈ ವೈವಿಧ್ಯವನ್ನ ಬೀಜದ ಬ್ಯಾಂಕಲ್ಲಿ ಇಡೋ ಮಾತು ಸುಲಭ ಅಲ್ಲ, ಇರೋದು ಬೆಟ್ಟದಲ್ಲಿ ನಿಂತ ಮರದಲ್ಲೇ.

ಮಧ್ಯಾಹ್ನ ಮಾವನ ಮನೇಲಿ ಊಟ ಮಾಡಿ ಹೊರಟ್ವಿ. ಅತ್ತೆ ಎರಡು ಬಾಟ್ಲಿ ಕೊಟ್ಟಿದ್ರು, ಸಿಪ್ಪೆಯ ಬಟ್ಟಲಿಗೆ ಸಕ್ಕರೆ ತುಂಬಿ ಬಿಸಿಲಿಗೆ ಇಟ್ಟಿದ್ದು. ರಾಣೆಬೆನ್ನೂರು ಹತ್ರ ರೋಡ್ ಹಂಪಲ್ಲಿ ಒಂದರ ಮುಚ್ಚಳ ಸಡಿಲ ಆಗಿ ಹಿಂದಿನ ಸೀಟು ಕೆಂಪೋ ಕೆಂಪು. ಸೋಪ್ ಹಾಕಿ ತೊಳೆದ್ರೆ ಏನಾಗುತ್ತೆ ಅಂತ ನಂಗೆ ಈಗ ಗೊತ್ತು, ಹಾಗಾಗಿ ಬರೀ ನೀರಲ್ಲಿ ಒರೆಸಿದೆ.

ಇದಾಗಿ ಮೂರು ವಾರ ಆಯ್ತು. ಮೊನ್ನೆ ತಂಗಿ ಫೋನ್ ಮಾಡಿದ್ಲು, ಲ್ಯಾಬಲ್ಲಿ ಎಲೆ ಅರೆದು ಡಿಎನ್‌ಎ ತೆಗೆಯೋಕೆ ಹೋದ್ರೆ ಮೊದಲ ಬ್ಯಾಚ್ ಪೂರಾ ಕಂದು ಬಣ್ಣದ ಅಂಟು ಆಗಿ ಹಾಳಾಗಿದೆ, ಈ ಜಾತಿ ಎಲೇಲಿ ಪಾಲಿಫಿನಾಲ್ಲು ಅಂಟು ಜಾಸ್ತಿಯಂತೆ, ಔಷಧಿ ಗುಣ ಅಂತ ನಾವು ಹೊಗಳೋದೇ ಅಲ್ಲಿ ಅಡ್ಡ ಬರೋದು. ಮಾವ ಕಾನ್ಫರೆನ್ಸ್ ಕಾಲಲ್ಲಿದ್ರು. "ಅಪ್ಪ ಸಿಕ್ಕಿದ್ನಾ?" ಅಂತ ಕೇಳಿದ್ರು. ಇಲ್ಲ ಮಾವ, ಮತ್ತೆ ಮಾಡ್ಬೇಕು, ಎಲೆ ಸಾಕಾಗ್ಲಿಲ್ಲ ಅಂದ್ರೆ ಮುಂದಿನ ವರ್ಷ ಮತ್ತೆ ಬರ್ಬೇಕು ಅಂದ್ಲು. ಆ ಕಡೆ ಸ್ವಲ್ಪ ಹೊತ್ತು ಸುಮ್ಮನಿದ್ರು.

"ಹಂಗಾರೆ ಹೊಳೆ ಬದಿದು ಈ ವರ್ಷ ಕಡಿತ್ನಿಲ್ಲೆ, ಬಿಡು."